ಹತ್ತು ತಾಣಗಳ ಪಟ್ಟಿಯಲ್ಲಿ ಸಿಗದ ಹೈದರಾಬಾದ್

ಕಳೆದ ರಜೆಯಲ್ಲಿ ಕಲಬುರಗಿಯಿಂದ ನನ್ನ ಅಕ್ಕನ ಮಗಳು ಹೈದರಾಬಾದಿಗೆ ಬಂದಿದ್ದಳು. ಡಿಗ್ರಿ ಎರಡನೇ ವರ್ಷ. ಬ್ಯಾಗ್ ಇಳಿಸಿ ಚಹಾ ಕುಡಿಯುವ ಮೊದಲೇ ಮೊಬೈಲ್ ತೆಗೆದು ತೋರಿಸಿದಳು. ಅದರಲ್ಲಿ ಕನ್ನಡದ ಒಂದು ಬರಹ: ಹೈದರಾಬಾದಿನಲ್ಲಿ ನೋಡಲೇಬೇಕಾದ ಹತ್ತು ತಾಣಗಳು. "ಖಾಲಾ, ಎರಡ ದಿನದಾಗ ಹತ್ತೂ ಮುಗಸೋಣು" ಅಂದಳು. ಮುಗಿಸಿದೆವು ಕೂಡ. ಮೂರನೇ ದಿನ ರೈಲಿಗೆ ಹೊರಟಾಗ, "ಏನು ನೆನಪುಳೀತು?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಟ್ರಾಫಿಕ್" ಅಂದಳು. ಇಬ್ಬರೂ ನಕ್ಕೆವು. ಆದರೆ ಆ ಉತ್ತರ ನನ್ನ ತಲೆಯಲ್ಲಿ ಉಳಿಯಿತು. ಆಮೇಲೆ ಕನ್ನಡದಲ್ಲಿ ಕೈಗೆ ಸಿಕ್ಕಷ್ಟು ಇಂಥ ಬರಹಗಳನ್ನು ಓದಿದೆ. ಈ ಟಿಪ್ಪಣಿ ಆ ಓದಿನಿಂದ ಬಂದದ್ದು.

ಮೊದಲು ಒಳ್ಳೆಯ ಮಾತು. ಈ ಪಟ್ಟಿಗಳಿಂದ ಉಪಯೋಗ ಇಲ್ಲ ಎನ್ನಲಾರೆ. ಸಾಲಾರ್ ಜಂಗ್ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ ಎಂಬ ಒಂದು ಸಾಲು ಹೊಸಬರ ಅರ್ಧ ದಿನ ಉಳಿಸುತ್ತದೆ. ಗೋಲ್ಕೊಂಡದ ಫತೇಹ್ ದರ್ವಾಜಾದ ಕೆಳಗೆ ಚಪ್ಪಾಳೆ ತಟ್ಟಿದರೆ ಮೇಲಿನ ಬಾಲಾ ಹಿಸಾರ್‌ನಲ್ಲಿ ಕೇಳಿಸುತ್ತದೆ ಎಂದು ಓದಿ ಬಂದ ಹುಡುಗಿ, ತಾನೇ ತಟ್ಟಿ ನೋಡಿ ಕುಣಿದಾಡಿದಳು. ಆ ಖುಷಿ ಪಟ್ಟಿಯದೇ ಕೊಡುಗೆ.

ತಕರಾರು ಇರುವುದು ಇತಿಹಾಸದ ಬಗ್ಗೆ. ನಾನು ಓದಿದ ಹಲವು ಬರಹಗಳಲ್ಲಿ ಚಾರ್‌ಮಿನಾರ್, ಗೋಲ್ಕೊಂಡ, ಚೌಮಹಲ್ಲಾ ಅರಮನೆ ಎಲ್ಲವೂ 'ನವಾಬರ ನಗರಿ' ಎಂಬ ಒಂದೇ ಚೀಲಕ್ಕೆ ಬೀಳುತ್ತವೆ. ಚಾರ್‌ಮಿನಾರ್ ಕಟ್ಟಿಸಿದವನು ಮುಹಮ್ಮದ್ ಕುಲಿ ಕುತುಬ್ ಶಾಹ್, 1591ರಲ್ಲಿ. ನಿಜಾಮರ ಆಸಫ್ ಜಾಹಿ ಮನೆತನ ಇಲ್ಲಿ ಆಳಲು ತೊಡಗಿದ್ದು 1724ರಲ್ಲಿ. ನಡುವೆ 133 ವರ್ಷ ಇದೆ. ಹಂಪಿಯ ಬಗ್ಗೆ ಬರೆಯುವಾಗ ಸಂಗಮರು ಯಾರು, ತುಳುವರು ಯಾರು ಎಂದು ಬಿಡಿಸಿ ಹೇಳುವ ನಮ್ಮ ಲೇಖಕರು ಇಲ್ಲಿ ಮಾತ್ರ ಎಲ್ಲರನ್ನೂ ಒಬ್ಬನೇ ಪೇಟ ಸುತ್ತಿದ ನವಾಬನನ್ನಾಗಿ ಮಾಡುತ್ತಾರೆ. ಆ ಕುಲಿ ಕುತುಬ್ ಶಾಹ್ ಕವಿ, ದಖನಿಯಲ್ಲಿ ಬರೆದವನು. ಕಲಬುರಗಿ, ಬೀದರ್, ವಿಜಯಪುರದ ನಮ್ಮ ಮನೆಗಳಲ್ಲಿ ಇವತ್ತಿಗೂ 'ಹೌ', 'ನಕ್ಕೋ' ಅನ್ನುವ ಭಾಷೆ ಅದರದೇ ಕೂಸು. ಇದನ್ನು ಹೇಳಿದಾಗ ನಮ್ಮ ಹುಡುಗಿ ಚಾರ್‌ಮಿನಾರಿನ ಕಡೆ ಇನ್ನೊಮ್ಮೆ ತಿರುಗಿ ನೋಡಿದಳು. ಮನೆಯ ಮಾತು ಎಂದರೆ ನಾಚಿಕೆ ಪಡುವ ವಯಸ್ಸು ಅದು. ರಾಜನೊಬ್ಬ ಅದರಲ್ಲಿ ಕವಿತೆ ಬರೆದಿದ್ದ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಭಾಗ್‌ಮತಿಯ ಪ್ರೇಮಕಥೆಯೂ ಹೀಗೆಯೇ. ಪಟ್ಟಿಗಳಲ್ಲಿ ಅದು ಕಣ್ಣಾರೆ ಕಂಡಂತೆ ಬರುತ್ತದೆ. ಇತಿಹಾಸಕಾರ ಎಚ್.ಕೆ. ಶೇರ್ವಾನಿ ಅದನ್ನು ನಂಬಲಿಲ್ಲ, ನಂಬುವವರೂ ಇದ್ದಾರೆ. 'ಹೀಗೊಂದು ಕಥೆ ಇದೆ' ಎಂದು ಬರೆದರೆ ಕಥೆಯ ಸೊಗಸು ಕಡಿಮೆಯಾಗದು, ಓದುಗರಿಗೆ ಮೋಸವೂ ಆಗದು.

ನನಗೆ ಹೆಚ್ಚು ಬೇಸರ ತಂದದ್ದು ಬಿಟ್ಟುಹೋದ ಸಂಗತಿಗಳು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಇವತ್ತಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹುಣಸೆ ಮರವಿದೆ. ಆ ದಿನ ಸುಮಾರು 150 ಮಂದಿ ಅದನ್ನು ಏರಿ ಜೀವ ಉಳಿಸಿಕೊಂಡರೆಂದು ಊರು ನೆನೆಯುತ್ತದೆ. ಮರುವರ್ಷ ನಿಜಾಮರು ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯಂತೆ ಮೂಸಿಗೆ ಉಸ್ಮಾನ್ ಸಾಗರ್, ಈಸಿಗೆ ಹಿಮಾಯತ್ ಸಾಗರ್ ಕಟ್ಟಲಾಯಿತು. ಕೆಆರ್‌ಎಸ್ ಎಂದರೆ ಕೈಮುಗಿಯುವ ಕನ್ನಡಿಗರು ಹೈದರಾಬಾದಿಗೆ ಬಂದು, ಗಂಡಿಪೇಟೆಯ ಈ ಕೆರೆಯ ದಂಡೆಯಲ್ಲಿ ಸೆಲ್ಫಿ ತೆಗೆದುಕೊಂಡು, ಇದು ಯಾರ ಯೋಜನೆ ಎಂದು ತಿಳಿಯದೆ ವಾಪಸ್ ಹೋಗುತ್ತಾರೆ. ಸಾಲಾರ್ ಜಂಗ್‌ನಲ್ಲೂ ಅಷ್ಟೇ. ಮುಸುಕಿನ ರೆಬೆಕ್ಕಾ ಶಿಲ್ಪ, ಗಂಟೆ ಬಾರಿಸುವ ಗಡಿಯಾರ, ಇಷ್ಟು ನೋಡಿ ಹೊರಡಿ ಎನ್ನುತ್ತವೆ ಪಟ್ಟಿಗಳು. ಅದೇ ಕಟ್ಟಡದಲ್ಲಿ ಬೀದರಿನ ಹೆಸರು ಹೊತ್ತ ಬಿದ್ರಿ ಕೆಲಸಕ್ಕೆ ಒಂದು ಕೋಣೆಯಿದೆ. ಕಪ್ಪು ಲೋಹದ ಮೇಲೆ ಬೆಳ್ಳಿ ಎಳೆ ಕೂರಿಸಿದ ಹುಕ್ಕಾ, ಹೂಜಿ, ಪಾನ್‌ದಾನ್. ಬೀದರಿನ ಮಕ್ಕಳು ಅಲ್ಲಿ ನಿಲ್ಲದೆ ಹೋದರೆ ಅದು ಬರೆದವರ ತಪ್ಪು.

ಇನ್ನೊಂದು, ಮನುಷ್ಯರ ಮಾತು. ಲಾಡ್ ಬಜಾರಿನ ಬಗ್ಗೆ ಎಲ್ಲರೂ ಕೊಡುವ ಸಲಹೆ ಒಂದೇ: ಚೌಕಾಸಿ ಮಾಡಿ, ಹೇಳಿದ ಬೆಲೆಯ ಅರ್ಧಕ್ಕೆ ಕೇಳಿ. ಅರಗನ್ನು ಬೆಂಕಿಗೆ ಹಿಡಿದು ಮೆದು ಮಾಡಿ, ಬಿಸಿ ಆರುವುದರೊಳಗೆ ಒಂದೊಂದೇ ಹರಳು ಕೂರಿಸುವ ಕೈಗಳ ಬಗ್ಗೆ ಒಂದು ಸಾಲೂ ಇಲ್ಲ. ಬಳೆ ಮಾಡುವುದನ್ನು ಹತ್ತು ನಿಮಿಷ ನಿಂತು ನೋಡಿದವರಿಗೆ ಅರ್ಧ ಬೆಲೆ ಕೇಳಲು ಬಾಯಿ ಬರದು. ಮಕ್ಕಾ ಮಸೀದಿಯ ಗತಿಯೂ ಇದೇ. ಅದು ಪಟ್ಟಿಯಲ್ಲಿ 'ಒಳ್ಳೆಯ ಫೋಟೋ ಸಿಗುವ ಜಾಗ'. ದಿನಕ್ಕೆ ಐದು ಹೊತ್ತು ನಮಾಜ್ ನಡೆಯುವ ಜಾಗ ಎಂಬುದು ಅಡಿಟಿಪ್ಪಣಿ. ಒಮ್ಮೆ ಅಲ್ಲಿನ ಅಂಗಳದಲ್ಲಿ ನಾನು ಕುಳಿತಿದ್ದಾಗ ಯಾರೋ ಕೇಳದೆ ಕೆಮೆರಾ ಹಿಡಿದರು. ನನ್ನ ಬುರ್ಖಾ ಈಗ ಯಾವ ಪ್ರವಾಸಕಥನದ ಅಲಂಕಾರವಾಗಿದೆಯೋ! ಕೇಳಿದ್ದರೆ ಈ ಮಸೀದಿಯ ಕೆಲಸ 1694ರಲ್ಲಿ ಔರಂಗಜೇಬನ ಕಾಲಕ್ಕೆ ಮುಗಿದದ್ದನ್ನೂ ಹೇಳುತ್ತಿದ್ದೆ, ಪಕ್ಕದಲ್ಲಿ ಒಳ್ಳೆಯ ಚಹಾ ಎಲ್ಲಿ ಸಿಗುತ್ತದೆ ಎಂದೂ ಹೇಳುತ್ತಿದ್ದೆ.

ಬೇರೆಯವರನ್ನಷ್ಟೇ ದೂರಿದರೆ ನ್ಯಾಯವಾಗದು. ನಾವು ಮುಸ್ಲಿಂ ಲೇಖಕರು ಬರೆದ ಹೈದರಾಬಾದ್ ಹೇಗಿದೆ? ಅದರಲ್ಲೂ ಬಿರಿಯಾನಿ, ಹಲೀಮ್, ಮುತ್ತು, ಅತ್ತರು. ಕಳೆದುಹೋದ ವೈಭವಕ್ಕೆ ಒಂದು ನಿಟ್ಟುಸಿರು. ಮೌಲಾ ಅಲಿ ಗುಡ್ಡದ ಬುಡದಲ್ಲಿ ಮಹ್ ಲಖಾ ಬಾಯಿ ಚಂದಾಳ ಸಮಾಧಿ ಇದೆ. 1824ರಲ್ಲಿ ತೀರಿಕೊಂಡ ಉರ್ದು ಕವಯಿತ್ರಿ, ದೊಡ್ಡ ದಾನಿ. ಆಸ್ಥಾನದಲ್ಲಿ ಹಾಡಿ ಕುಣಿದವಳು ಎಂಬ ಕಾರಣಕ್ಕೋ ಏನೋ, ನಮ್ಮ ಬರಹಗಳಲ್ಲಿ ಅವಳ ಹೆಸರು ಅಪರೂಪ. ನಮ್ಮ ಹೆಣ್ಣುಮಕ್ಕಳಿಗೆ ಅರಮನೆ ತೋರಿಸಿದಷ್ಟು ಉತ್ಸಾಹದಿಂದ ಈ ಸಮಾಧಿಯನ್ನು ನಾನೂ ತೋರಿಸಿರಲಿಲ್ಲ. ಒಪ್ಪಿಕೊಳ್ಳುತ್ತೇನೆ.

ಪಟ್ಟಿ ಬರೆಯುವವರಿಗೆ ನನ್ನ ಕೋರಿಕೆ ಸಣ್ಣದು. ಹತ್ತರ ಬದಲು ನಾಲ್ಕು ಜಾಗ ಬರೆಯಿರಿ, ಪ್ರತಿ ಜಾಗದಲ್ಲಿ ಒಬ್ಬರ ಜೊತೆ ಮಾತಾಡಿ ಬರೆಯಿರಿ. ಓದುವ ವಿದ್ಯಾರ್ಥಿಗಳಿಗೂ ಒಂದು ಮಾತು: 'ಕಟ್ಟಿದವರು ಯಾರು, ಯಾವಾಗ, ಯಾಕೆ' ಎಂದು ಕೇಳಿಕೊಂಡು ನಡೆಯಿರಿ. ತಪ್ಪು ಕಂಡರೆ ಬರೆದವರಿಗೆ ತಿಳಿಸಿ.

ಮೊನ್ನೆ ಹುಡುಗಿ ಫೋನ್ ಮಾಡಿದ್ದಳು. ದಸರಾ ರಜೆಗೆ ಮತ್ತೆ ಬರುತ್ತಾಳಂತೆ. "ಈ ಸಲ ಪಟ್ಟಿ ನಕ್ಕೋ ಖಾಲಾ, ಆ ಹುಣಸಿ ಗಿಡ ತೋರಸ್ರಿ" ಅಂದಳು.