ಫಲಶ್ರುತಿ ಉಂಟು, ವಿಧಿ ಇಲ್ಲ

ಪ್ರವಾಸ ಸಾಹಿತ್ಯವೆಂದರೆ ನಮ್ಮ ವಿಮರ್ಶಕರಿಗೆ ಕಾರಂತರ ‘ಅಪೂರ್ವ ಪಶ್ಚಿಮ’ ನೆನಪಾಗುತ್ತದೆ. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ನೆನಪಾಗುತ್ತದೆ. ಅದು ಸಹಜವೇ. ಆದರೆ ಪ್ರವಾಸವನ್ನು ಕುರಿತ ಇನ್ನೊಂದು ಬಗೆಯ ಬರಹ ಈಗ ನಮ್ಮಲ್ಲಿ ಹೇರಳವಾಗಿ ಬೆಳೆಯುತ್ತಿದೆ. ಹೋಗಿಬಂದವನ ಅನುಭವವನ್ನು ಹೇಳುವುದಕ್ಕಲ್ಲ, ಹೋಗಲಿರುವವನಿಗೆ ದಾರಿ ತೋರಿಸುವುದಕ್ಕೆಂದು ಹುಟ್ಟಿದ ಬರಹ ಅದು. ಅದನ್ನು ಸಾಹಿತ್ಯವೆಂದು ಯಾರೂ ಎಣಿಸದ ಕಾರಣ ಅದರ ಗುಣದೋಷಗಳನ್ನು ವಿಚಾರಿಸುವವರೂ ಇಲ್ಲ. ಬ್ಯಾಂಕಾಕ್ ನಗರವನ್ನು ಕುರಿತು ಕನ್ನಡದಲ್ಲಿ ಬಂದ ಇಂಥ ಹತ್ತಾರು ಲೇಖನಗಳನ್ನು ಈಚೆಗೆ ಒಟ್ಟಿಗೆ ಓದಿದೆ. ಓದಿ ಮುಗಿಸಿದ ಮೇಲೆ, ಯಾರಾದರೂ ವಿಚಾರಿಸಲೇಬೇಕು ಎನ್ನಿಸಿತು.

ಈ ಜಾತಿಯ ಬರಹ ನಮಗೆ ಹೊಸದೇನೂ ಅಲ್ಲ. ನಮ್ಮ ಕ್ಷೇತ್ರಮಹಾತ್ಮೆಗಳು ಮಾಡಿದ್ದು ಇದೇ ಕೆಲಸ. ಅವುಗಳಲ್ಲಿ ಎರಡು ಅಂಗಗಳುಂಟು. ಯಾವ ತೀರ್ಥದಲ್ಲಿ ಮೊದಲು ಮೀಯಬೇಕು, ಯಾವ ದೇವರನ್ನು ಕಂಡ ಬಳಿಕ ಯಾವ ದೇವರನ್ನು ಕಾಣಬೇಕು, ಎತ್ತಣಿಂದ ಎತ್ತ ಸುತ್ತಬೇಕು ಎಂಬುದು ವಿಧಿ. ಹಾಗೆ ಮಾಡಿದವನಿಗೆ ಇಂಥ ಪುಣ್ಯ ಎಂಬುದು ಫಲಶ್ರುತಿ. ಫಲಶ್ರುತಿಯಲ್ಲಿ ಎಷ್ಟೇ ಉತ್ಪ್ರೇಕ್ಷೆಯಿರಲಿ, ವಿಧಿಯ ಭಾಗಕ್ಕೆ ಬಂದಾಗ ಮಾತು ಬಿಗಿಯಾಗುತ್ತದೆ. ಅಲ್ಲಿ ಒಂದು ಪದ ತಪ್ಪಿದರೆ ಯಾತ್ರಿಕ ದಾರಿ ತಪ್ಪುತ್ತಾನೆ. ನಾನು ಓದಿದ ಲೇಖನಗಳಲ್ಲಿ ಉಳಿದಿರುವುದು ಬಹುಮಟ್ಟಿಗೆ ಫಲಶ್ರುತಿಯೊಂದೇ. ಚಾವೊ ಫ್ರಯಾ ನದಿ ಕಣ್ಮನ ತಣಿಸುತ್ತದೆ, ಅರಮನೆ ಧರೆಗಿಳಿದ ಸ್ವರ್ಗವಾಗುತ್ತದೆ, ಪೇಟೆಯಲ್ಲಿ ಎಲ್ಲವೂ ಅಗ್ಗ. ಆ ನದಿಯಲ್ಲಿ ದೋಣಿಯನ್ನು ಎಲ್ಲಿ ಹತ್ತಬೇಕು, ಯಾವ ಬಣ್ಣದ ಬಾವುಟದ ದೋಣಿ ಯಾವ ಕಟ್ಟೆಯಲ್ಲಿ ನಿಲ್ಲುತ್ತದೆ ಎಂಬುದು ಮಾತ್ರ ಇಲ್ಲ. ಬಾವುಟ ನೋಡದೆ ಹತ್ತಿದವನು ತಾನಿಳಿಯಬೇಕಾದ ಕಟ್ಟೆಯನ್ನು ದೋಣಿಯಿಂದಲೇ ದರ್ಶನಮಾಡಿ ಮುಂದೆ ಸಾಗಬೇಕಾದೀತು.

ಇದನ್ನು ಸಣ್ಣ ದೋಷವೆಂದು ಬಿಡಲಾರೆ. ಇಂಗ್ಲಿಷ್ ಚೆನ್ನಾಗಿ ಬಲ್ಲವನು ಕನ್ನಡದ ಲೇಖನವನ್ನು ನೆಚ್ಚಿ ಹೊರಡುವುದಿಲ್ಲ. ಅವನಿಗೆ ಬೇರೆ ಆಸರೆಗಳಿವೆ. ನೆಚ್ಚಿ ಹೊರಡುವವರು, ನಿವೃತ್ತಿಯ ಹಣದಲ್ಲಿ ಒಂದಿಷ್ಟನ್ನು ತೆಗೆದಿಟ್ಟು, ಜೀವಮಾನದಲ್ಲಿ ಒಮ್ಮೆ ಕಡಲಾಚೆಯ ದೇಶವನ್ನು ನೋಡಬೇಕೆಂದಿರುವ ಗಂಡಹೆಂಡಿರು. ಅವರು ಕಳೆದುಕೊಂಡ ಅರ್ಧ ದಿನ ಮತ್ತೆ ಬರುವ ಅರ್ಧ ದಿನವಲ್ಲ. ವರ್ಣನೆಗೆ ಒದಗುತ್ತದೆ, ಬಳಕೆಗೆ ಒದಗದು ಎಂದು ಕನ್ನಡಕ್ಕೆ ಹೆಸರು ಬರುವುದೂ ಇಂಥ ಕಡೆಯಲ್ಲೇ.

ಬಂದಿಳಿಯುವ ಗಳಿಗೆಯನ್ನೇ ನೋಡಿ. ಬ್ಯಾಂಕಾಕಿಗೆ ವಿಮಾನನಿಲ್ದಾಣಗಳು ಎರಡು. 2006ರಲ್ಲಿ ತೆರೆದ ಸುವರ್ಣಭೂಮಿ ನಗರದ ಪೂರ್ವಕ್ಕಿದೆ. ಹಳೆಯದಾದ ಡಾನ್ ಮುಯಾಂಗ್ ಉತ್ತರಕ್ಕಿದೆ. ಒಂದರಲ್ಲಿ ಇಳಿದು ಇನ್ನೊಂದರಿಂದ ಚಿಯಾಂಗ್ ಮಾಯಿಗೋ ಫುಕೆಟ್ಟಿಗೋ ಹಾರುವವನು ನಡುವೆ ಮಹಾನಗರದ ವಾಹನಸಂದಣಿಯನ್ನು ದಾಟಬೇಕು. ಇದು ಟಿಕೆಟು ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿ, ಕೊಂಡ ಮೇಲಲ್ಲ. ಸುವರ್ಣಭೂಮಿಯಲ್ಲಿರುವ ಸಮುದ್ರಮಥನದ ಶಿಲ್ಪವನ್ನು ನಮ್ಮ ಲೇಖಕರು ಮನಸಾರೆ ಕೊಂಡಾಡಿದ್ದಾರೆ. ಅದೇ ಕಟ್ಟಡದ ನೆಲಮಾಳಿಗೆಯಿಂದ ಫಯಾ ಥಾಯಿಗೆ ರೈಲಿದೆ, ಅಲ್ಲಿ ನಗರದ ಮೇಲ್ಸೇತುವೆಯ ರೈಲಿಗೆ ಬದಲಾಯಿಸಬಹುದು ಎಂದು ಬರೆದವರು ಇಬ್ಬರೇ.

ಇನ್ನು ತಾರೀಖಿನ ಮಾತು. 2025ರ ಮೇ 1ರಿಂದ, ಥಾಯ್ಲೆಂಡಿಗೆ ಹೋಗುವ ವಿದೇಶೀಯರು ಆಗಮನಪತ್ರವನ್ನು ಅಲ್ಲಿ ಇಳಿಯುವುದಕ್ಕೆ ಮುಂಚಿನ ಮೂರು ದಿನಗಳೊಳಗೆ ಅಂತರ್ಜಾಲದಲ್ಲಿ ತುಂಬಬೇಕೆಂದು ನಿಯಮವಾಯಿತು. ಸರ್ಕಾರ ಇದಕ್ಕೆ ಹಣ ಪಡೆಯುವುದಿಲ್ಲ. ಹಣ ಕೇಳುವ ಪುಟ ಸರ್ಕಾರದ್ದಲ್ಲ. ವೀಸಾ ಇಲ್ಲದೆ ಇರಲು ಭಾರತೀಯರಿಗೆ 2023ರ ನವೆಂಬರಿನಲ್ಲಿ 30 ದಿನ, 2024ರ ಜುಲೈಯಲ್ಲಿ 60 ದಿನ ಅವಕಾಶ ದೊರೆಯಿತು. ಹೀಗೆ ಬದಲಾಗುತ್ತ ಬಂದ ನಿಯಮ ಮತ್ತೆ ಬದಲಾಗಬಹುದು. ಹೊರಡುವ ಮುನ್ನ ರಾಯಭಾರ ಕಚೇರಿಯ ಪ್ರಕಟಣೆ ನೋಡಿ ಎನ್ನುವುದು ಲೇಖಕನ ಧರ್ಮ. ‘ವೀಸಾದ ತಲೆನೋವಿಲ್ಲ’ ಎಂದು ಬರೆದು ಮುಂದಕ್ಕೆ ಹೋಗುವುದು ಹೊಣೆಗೇಡಿತನ. ಮತ್ತೊಬ್ಬರು ಚಿಯಾಂಗ್ ಮಾಯಿಯ ರೈಲು ಹಿಡಿಯಲು ವಾಚಕರನ್ನು ಹುವಾ ಲಂಫೋಂಗ್ ನಿಲ್ದಾಣಕ್ಕೆ ಕಳಿಸುತ್ತಾರೆ. ಆ ದೂರದ ರೈಲುಗಳು 2023ರ ಜನವರಿಯಲ್ಲೇ ಕ್ರುಂಗ್ ಥೇಪ್ ಅಭಿವತ್ ಎಂಬ ಹೊಸ ನಿಲ್ದಾಣಕ್ಕೆ ಹೋದುವು. ಹಳೆಯ ಬರಹವೊಂದರಿಂದ ಎತ್ತಿ ಬರೆದದ್ದೆಂಬುದು ಸ್ಪಷ್ಟ. ಕವಿತೆಯಲ್ಲಿ ಅನುಕರಣೆಯಿಂದ ರಸಭಂಗವಾಗುತ್ತದೆ, ಅಷ್ಟೆ. ಇಲ್ಲಿ ರೈಲೇ ತಪ್ಪುತ್ತದೆ.

ಒಂದನೆಯ ರಾಮನೆಂಬ ದೊರೆ 1782ರಲ್ಲಿ ಕಟ್ಟಿಸತೊಡಗಿದ ಮಹಾ ಅರಮನೆಗೆ ಬರೋಣ. ಭುಜ, ಮೊಣಕಾಲು ಮುಚ್ಚದ ಉಡುಪಿನಲ್ಲಿ ಒಳಗೆ ಬಿಡುವುದಿಲ್ಲ. ಹೊರಗೆ ಸೊಗಸಾಗಿ ಮಾತಾಡುವವನೊಬ್ಬ ಎದುರಾಗಿ, ಇವತ್ತು ಅರಮನೆ ಮುಚ್ಚಿದೆಯೆಂದು ಹೇಳಿ, ‘ತುಕ್ ತುಕ್’ ಎಂಬ ಆಟೋದಲ್ಲಿ ಕೂರಿಸಿ ರತ್ನದಂಗಡಿಗೆ ಸಾಗಿಸುವ ಮೋಸ ಬಹಳ ಹಳೆಯದು. ಬಾಗಿಲವರೆಗೆ ಹೋಗಿ ಕಣ್ಣಾರೆ ನೋಡಿ ಎಂಬ ಒಂದು ವಾಕ್ಯ ಸಾಕು. ಆ ಒಂದು ವಾಕ್ಯಕ್ಕೆ ಜಾಗವಿಲ್ಲ.

ಅದೇ ಆವರಣದಲ್ಲಿ ಪಚ್ಚೆಬುದ್ಧನ ಗುಡಿಯಿದೆ. ಅದರ ಸುತ್ತಿನ ಮೊಗಸಾಲೆಯ ಗೋಡೆಗಳಲ್ಲಿ ರಾಮಕಥೆ 178 ಚಿತ್ರಭಾಗಗಳಾಗಿ ಹರಡಿದೆ. ಕಥೆ ಉತ್ತರದ ಬಾಗಿಲ ಬಳಿ ಮೊದಲಾಗಿ ಪ್ರದಕ್ಷಿಣವಾಗಿ ಸಾಗುತ್ತದೆ. ಕ್ಷೇತ್ರಮಹಾತ್ಮೆ ಬರೆದವನಾಗಿದ್ದರೆ ಮೊದಲು ಇದನ್ನೇ ಹೇಳುತ್ತಿದ್ದ. ನಮ್ಮವರು ‘ಅಲ್ಲಿಯೂ ನಮ್ಮ ರಾಮಾಯಣವೇ’ ಎಂದು ಹೆಮ್ಮೆಪಟ್ಟು ಮುಗಿಸುತ್ತಾರೆ. ನಮ್ಮದಲ್ಲ, ಅವರದು, ಅದರ ಹೆಸರು ‘ರಾಮಕಿಯೆನ್’. ಅಲ್ಲಿಯ ಹನುಮಂತ ಬ್ರಹ್ಮಚಾರಿಯಲ್ಲ. ಸೇತುವೆಯನ್ನು ಕೆಡಿಸಲು ಬಂದ ರಾವಣನ ಮಗಳು, ಮತ್ಸ್ಯಕನ್ಯೆ ಸುವನ್ನಮಚ್ಚಳನ್ನು ಅವನು ಒಲಿಸಿಕೊಳ್ಳುತ್ತಾನೆ. ಮೊದಲೇ ತಿಳಿದು ಹೋದವನು ಆ ಚಿತ್ರದ ಮುಂದೆ ನಕ್ಕು ನಿಂತಾನು. ತಿಳಿಯದವನು ಮುನಿದು ಮುಂದೆ ನಡೆದಾನು. ರಾವಣನನ್ನು ಲಕ್ಷ್ಮಣನೇ ಕೊಲ್ಲುವ ನಾಗಚಂದ್ರನ ರಾಮಾಯಣವನ್ನು ಅರಗಿಸಿಕೊಂಡ ನಾಡಿಗೆ ಇದೇನು ದೊಡ್ಡ ಮಾತೆ?

ಬ್ಯಾಂಕಾಕ್ ಎಂದೊಡನೆ ನಮ್ಮ ಗಂಡಸರಲ್ಲಿ ಕೆಲವರ ಮುಖದ ಮೇಲೆ ಒಂದು ಕಿರುನಗೆ ಮೂಡುತ್ತದೆ. ಆ ನಗೆ ಲೇಖನಗಳೊಳಕ್ಕೂ ನುಸುಳಿದೆ. ಅದನ್ನು ಹಾಸ್ಯವೆನ್ನಲಾರೆ. ಅದಕ್ಕೆ ವ್ಯಯವಾದ ಸಾಲುಗಳಲ್ಲಿ, ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು, ಬುದ್ಧನ ಕಡೆಗೆ ಕಾಲು ಚಾಚಬಾರದು, ರಾಜಮನೆತನವನ್ನು ಹಗುರವಾಗಿ ಆಡಿದರೆ ಸೆರೆಮನೆಯ ಶಿಕ್ಷೆಯುಂಟು ಎಂಬುದನ್ನೆಲ್ಲ ಹೇಳಬಹುದಾಗಿತ್ತು.

ಇಷ್ಟೆಲ್ಲದರ ನಡುವೆ ನನಗೆ ಮೆಚ್ಚಿಗೆಯಾದ ಬರಹ ಅಚ್ಚಾದದ್ದಲ್ಲ. ನನ್ನ ಪರಿಚಯದ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಬ್ಯಾಂಕಾಕಿಗೆ ಹೋಗಿಬಂದು, ಹೊರಡಲಿದ್ದ ತಂಗಿಗೆ ಬರೆದ ಎರಡು ಪುಟದ ಕಾಗದ ಅದು. ವಿಶೇಷಣಗಳು ಹುಡುಕಿದರೆ ಎರಡೋ ಮೂರೋ. ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗು, ಏಪ್ರಿಲಿನ ಸೆಕೆ ನಿನಗಾಗದು. ಆ ತಿಂಗಳ ನಡುವೆ ಅವರ ಸೊಂಗ್‌ಕ್ರಾನ್, ಅಂದರೆ ಸಂಕ್ರಾಂತಿ, ಬೀದಿಗಿಳಿದವರೆಲ್ಲ ತೋಯುತ್ತಾರೆ. ಅರಮನೆಗೆ ಬಿಸಿಲೇರುವ ಮುನ್ನ ಹೋಗು. ಊಟದಲ್ಲಿ ತರಕಾರಿ ಎಂದಷ್ಟೇ ಕೇಳಿದರೆ ಸಾಲದು, ತರಕಾರಿಯ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ. ‘ಮಾಂಗ್‌ಸವಿರತ್’ ಎನ್ನು, ಅದು ನಮ್ಮ ‘ಮಾಂಸವಿರತಿ’ಯೇ, ಮರೆಯಲಾರೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದಿದ್ದರೆ ಅಲ್ಲಿ ಮೊಟ್ಟೆ, ಹಾಲು ಕೂಡ ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ತಂಗಿಗೆ ಥಾಯ್ ಲಿಪಿ ಬಾರದೆಂದು, ಆ ಅಕ್ಷರವನ್ನು ಕಾಗದದ ಅಂಚಿನಲ್ಲಿ ದೊಡ್ಡದಾಗಿ ತಾವೇ ತಿದ್ದಿ ತೋರಿಸಿದ್ದಾರೆ.