ಅಮ್ಮನನ್ನು ಉಳಿಸಿದ ತಪ್ಪು

‘ದಿ ಫ್ಲ್ಯಾಶ್’ ಧಾರಾವಾಹಿಯ ಎರಡನೆಯ ಸೀಸನ್ನಿನ ಕೊನೆಯ ಕಂತು ಪ್ರಸಾರವಾದದ್ದು 2016ರ ಮೇ 24ರಂದು. ಒಂಬತ್ತು ಸೀಸನ್ನು, 184 ಕಂತು ಓಡಿ ಧಾರಾವಾಹಿ 2023ರ ಮೇ ತಿಂಗಳಲ್ಲಿ ಮುಗಿದೇ ಹೋಯಿತು. ಆದರೆ ಆ ಒಂದು ಕಂತಿನ ಕಡೆಯ ಕೆಲವು ನಿಮಿಷಗಳ ಬಗ್ಗೆ ನೋಡುಗರ ಜಗಳ ಮಾತ್ರ ಮುಗಿದಿಲ್ಲ. ಪುಣೆಯ ನಮ್ಮ ಮನೆಯಲ್ಲೂ ಅದು ನಡೆಯುತ್ತಿರುತ್ತದೆ. ನಾಯಕ ಬ್ಯಾರಿ ಆ್ಯಲನ್ ಶುದ್ಧ ಸ್ವಾರ್ಥಿ ಎಂದು ನನ್ನ ಮಗಳ ತೀರ್ಪು. ಅವಳ ವಯಸ್ಸಿನ ಬಹುಪಾಲು ನೋಡುಗರದೂ ಅದೇ. ಆ ತೀರ್ಪು ಅರ್ಧ ಸರಿ ಎಂದು ನನಗೆ ಅನ್ನಿಸುತ್ತದೆ. ಉಳಿದರ್ಧವನ್ನು ಇಲ್ಲಿ ಬರೆಯಬೇಕೆಂದಿದ್ದೇನೆ.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಬ್ಯಾರಿ ಹನ್ನೊಂದು ವರ್ಷದ ಹುಡುಗನಾಗಿದ್ದಾಗ, 2000ನೇ ಇಸವಿಯ ಮಾರ್ಚ್ ತಿಂಗಳ ಒಂದು ರಾತ್ರಿ, ಅವನ ಅಮ್ಮ ನೋರಾಳ ಕೊಲೆಯಾಗುತ್ತದೆ. ಮಾಡದ ಕೊಲೆಗೆ ಅಪ್ಪ ಹೆನ್ರಿ ಜೈಲಿಗೆ ಹೋಗುತ್ತಾನೆ. ಹುಡುಗನನ್ನು ಸಾಕುವವನು ಜೋ ವೆಸ್ಟ್ ಎಂಬ ಪೊಲೀಸು. ದೊಡ್ಡವನಾದ ಮೇಲೆ ಬ್ಯಾರಿಗೆ ಮಿಂಚಿನ ವೇಗ ಬರುತ್ತದೆ. ಸಾಕಷ್ಟು ವೇಗವಾಗಿ ಓಡಿದರೆ ಹಿಂದಿನ ಕಾಲಕ್ಕೂ ಹೋಗಬಹುದು ಎಂದು ಗೊತ್ತಾಗುತ್ತದೆ. ಆ ರಾತ್ರಿ ಮನೆಗೆ ನುಗ್ಗಿದ ಕೊಲೆಗಾರ ಇಯೋಬಾರ್ಡ್ ಥಾನ್ ಕೂಡ ಇದೇ ಶಕ್ತಿಯಿಂದ ಭವಿಷ್ಯದಿಂದ ಬಂದವನು.

ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಗಾದೆ ನಮ್ಮಲ್ಲಿದೆ. ಸೂರೆಯಾಗುವ ಹಿಂದಿನ ಗಳಿಗೆಗೆ ಓಡಿಹೋಗಿ ಬಾಗಿಲು ಹಾಕಿ ಬರುವ ಆಸೆಯೇ ಇಂಥ ಕಥೆಗಳ ಬಂಡವಾಳ. ಈ ಧಾರಾವಾಹಿ ಆ ಬಾಗಿಲ ಬಳಿಗೆ ನಾಯಕನನ್ನು ಎರಡು ಸಲ ಕರೆದೊಯ್ಯುತ್ತದೆ. ನೋಡುಗರು ಎರಡನೆಯದನ್ನು ಬೈಯುವುದು ಮೊದಲನೆಯದನ್ನು ನೋಡಿದ್ದರಿಂದ.

ಮೊದಲನೆಯದು 2015ರ ಮೇ 19ರ ‘ಫಾಸ್ಟ್ ಎನಫ್’. ಅಮ್ಮನನ್ನು ಉಳಿಸಬೇಕೇ ಎಂದು ಬ್ಯಾರಿ ತನ್ನವರನ್ನೆಲ್ಲ ಕೇಳುತ್ತಾನೆ. ಸಾಕಿದ ಜೋ, ಹೋಗಿ ಉಳಿಸು ಎನ್ನುತ್ತಾನೆ. ಉಳಿಸಿದರೆ ಈ ಹುಡುಗ ತನ್ನ ಮನೆಯಲ್ಲಿ ಬೆಳೆದಿರುವುದೇ ಇಲ್ಲ ಎಂಬುದು ಅವನಿಗೆ ಗೊತ್ತು. ಜೈಲಿನಲ್ಲಿರುವ ಅಪ್ಪ ಬೇಡ ಎನ್ನುತ್ತಾನೆ. ಉಳಿಸಿದರೆ ತನಗೂ ಬಿಡುಗಡೆ ಎಂಬುದು ಅವನಿಗೂ ಗೊತ್ತು. ಕಳೆದುಕೊಳ್ಳುವವನು ಹೋಗು ಎನ್ನುವುದು, ಪಡೆದುಕೊಳ್ಳುವವನು ಬೇಡ ಎನ್ನುವುದು: ಸೂಪರ್‌ಹೀರೋ ಧಾರಾವಾಹಿಯಲ್ಲಿ ಇಷ್ಟು ಚೆನ್ನಾಗಿ ಬರೆದ ಜೋಡಿ ದೃಶ್ಯ ನಾನು ಹೆಚ್ಚು ನೋಡಿಲ್ಲ. ಇಬ್ಬರದೂ ಪ್ರೀತಿ, ಎರಡೂ ಬೇರೆ ಉತ್ತರ.

ಬ್ಯಾರಿ ಹೋಗುತ್ತಾನೆ. ಬಾಗಿಲ ಮರೆಯಲ್ಲಿ ನಿಂತು ನೋಡುವಾಗ, ಅದೇ ಕೋಣೆಯಲ್ಲಿ ಕೊಲೆಗಾರನೊಂದಿಗೆ ಹೊಡೆದಾಡುತ್ತಿರುವ, ಇನ್ನೂ ಮುಂದಿನ ಕಾಲದಿಂದ ಬಂದ ತಾನೇ ಅವನ ಕಣ್ಣಿಗೆ ಬೀಳುತ್ತಾನೆ. ಆ ಇನ್ನೊಬ್ಬ ಕೈಸನ್ನೆಯಲ್ಲೇ ಬೇಡ ಎನ್ನುತ್ತಾನೆ. ಬ್ಯಾರಿ ಅಲ್ಲೇ ನಿಂತುಬಿಡುತ್ತಾನೆ. ಇರಿತದ ಸದ್ದೆಲ್ಲ ಅಡಗಿದ ಮೇಲೆ ಒಳಗೆ ಹೋಗಿ, ಸಾಯುತ್ತಿರುವ ಅಮ್ಮನ ಪಕ್ಕದಲ್ಲಿ ಕೂತು ಮುಖವಾಡ ತೆಗೆಯುತ್ತಾನೆ. ನೀನು ನನ್ನ ಅಪ್ಪನ ಹಾಗೇ ಇದ್ದೀಯ ಎನ್ನುತ್ತಾಳೆ ಅವಳು. ನಾನೇ ನಿನ್ನ ಮಗ, ನಾನೂ ಅಪ್ಪನೂ ಚೆನ್ನಾಗಿದ್ದೇವೆ ಎಂದು ಅವನು ಹೇಳುತ್ತಾನೆ. ಅಷ್ಟೇ. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲ ಎಂದು ಗೊತ್ತಿದ್ದೂ ರಾತ್ರಿಯಿಡೀ ಆಟ ನೋಡುವ ಜನ ನಾವು. ಫಲ ಬದಲಾಗದ ಕಡೆ ಆ ಗಳಿಗೆಯನ್ನು ಹೇಗೆ ಬಾಳಿದರು ಎನ್ನುವುದನ್ನೇ ನೋಡುತ್ತೇವೆ. ಗ್ರ್ಯಾಂಟ್ ಗಸ್ಟಿನ್ ಮತ್ತು ಮಿಶೆಲ್ ಹ್ಯಾರಿಸನ್ ಆ ಗಳಿಗೆಯನ್ನು ಬಾಳಿ ತೋರಿಸಿದರು. ಅಲ್ಲಿ ನೋರಾ ಒಬ್ಬ ಹೆಂಗಸು. ಕೇಳುತ್ತಾಳೆ, ಗುರುತು ಹಿಡಿಯುತ್ತಾಳೆ, ಸಮಾಧಾನಪಟ್ಟುಕೊಂಡು ಹೋಗುತ್ತಾಳೆ.

ಒಂದು ವರ್ಷದ ನಂತರ ಅದೇ ಕೋಣೆ. ಅಷ್ಟರಲ್ಲಿ ಹೊರಗೆ ಬಂದಿದ್ದ ಅಪ್ಪನನ್ನೂ ಜೂಮ್ ಎಂಬ ಖಳ ಬ್ಯಾರಿಯ ಕಣ್ಣೆದುರೇ ಕೊಂದಿದ್ದಾನೆ. ಜೂಮ್ ಸೋತಿದ್ದಾನೆ, ಐರಿಸ್ ಜೊತೆ ಹೊಸ ಬಾಳು ಶುರುವಾಗಬಹುದು. ಅಂಥ ಹೊತ್ತಿನಲ್ಲಿ ಬ್ಯಾರಿ ಈ ಸಲ ಯಾರನ್ನೂ ಕೇಳದೆ ಓಡುತ್ತಾನೆ. ಥಾನ್‌ನ ಕೈ ಹಿಡಿದು ಅಮ್ಮನನ್ನು ಉಳಿಸುತ್ತಾನೆ. ಬಾಗಿಲ ಮರೆಯಲ್ಲಿ ನಿಂತಿದ್ದ ಹಿಂದಿನ ವರ್ಷದ ಬ್ಯಾರಿ ನೋಡನೋಡುತ್ತಲೇ ಕರಗಿಹೋಗುತ್ತಾನೆ. ಕಂತು ಮುಗಿಯುತ್ತದೆ.

ನೋಡುಗರ ಆಕ್ಷೇಪಗಳನ್ನು ಮೂರಾಗಿ ವಿಂಗಡಿಸಬಹುದು. ತರ್ಕವಿಲ್ಲ ಎನ್ನುವುದು ಒಂದು. ಕಾಲಪಯಣದ ನಿಯಮಗಳು ಇಲ್ಲಿ ಅನುಕೂಲಕ್ಕೆ ತಕ್ಕಂತೆ ಬದಲಾಗುತ್ತವೆ ಎಂಬುದು ನಿಜ. ಮೊದಲ ಸೀಸನ್ನಿನಲ್ಲೇ ಥಾನ್‌ನ ಪೂರ್ವಜ ಎಡ್ಡಿ ತನಗೆ ತಾನೇ ಗುಂಡು ಹಾರಿಸಿಕೊಂಡು ಆ ವಂಶವನ್ನೇ ಅಳಿಸುತ್ತಾನೆ, ಥಾನ್ ಮಾತ್ರ ಮತ್ತೆ ಮತ್ತೆ ಬರುತ್ತಲೇ ಇರುತ್ತಾನೆ. ಆದರೆ ಲೆಕ್ಕ ತಪ್ಪಿದ್ದಕ್ಕೆ ಯಾರೂ ಏಳು ವರ್ಷ ಸಿಟ್ಟಿನಲ್ಲಿರುವುದಿಲ್ಲ. ಅದನ್ನು ಇಲ್ಲಿಗೇ ಬಿಡೋಣ.

ಎರಡನೆಯದು ನನ್ನ ಮಗಳ ದೂರು, ಬ್ಯಾರಿ ಸ್ವಾರ್ಥಿ ಎನ್ನುವುದು. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹದಿನೈದು ದಿನವೂ ಕಳೆಯದ ಸಾವಿನ ಮನೆಯಲ್ಲಿ ಕೂತವನಿಗೆ ಲೋಕದ ಕ್ಷೇಮ ನೆನಪಾಗಬೇಕು ಎನ್ನುವುದು ಸಾವನ್ನು ಹತ್ತಿರದಿಂದ ನೋಡದವರ ಮಾತು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ರಾತ್ರಿ ಫೋನು ಬಂದು, ಸಿಕ್ಕ ಬಸ್ಸು ಹತ್ತಿ, ಮುಖ ನೋಡುವ ಹೊತ್ತಿಗಾದರೂ ತಲುಪಿದರೆ ಸಾಕು ಎಂದುಕೊಂಡವರು ನಮ್ಮ ನಡುವೆ ಎಷ್ಟು ಜನ! ಅವರಲ್ಲಿ ಯಾರಿಗಾದರೂ ಬ್ಯಾರಿಯ ಕಾಲು ಕೊಟ್ಟಿದ್ದರೆ ಅಪ್ಪಣೆ ಕೇಳಿ ಓಡುತ್ತಿದ್ದರೇ? ಅವನು ಓಡಿದ್ದನ್ನು ನಾನು ತಪ್ಪೆನ್ನಲಾರೆ.

ಮೂರನೆಯ ಆಕ್ಷೇಪ ಸಣ್ಣದಾಗಿ ಕಾಣುತ್ತದೆ. ಮುಕ್ಕಾಲು ಪಾಲು ಜನ ಅದನ್ನು ಅಭಿಮಾನಿಗಳ ಹಟವೆಂದು ತಳ್ಳಿಹಾಕಿದರು. ನನಗೆ ಅದೇ ಎಲ್ಲಕ್ಕಿಂತ ಗಂಭೀರವಾದದ್ದು. ಅದು ಜಾನ್ ಡಿಗಲ್‌ನ ಮಗಳ ಬಗೆಗಿನದು.

ಅದಕ್ಕೆ ಮುಂದಿನ ಕಥೆ ಬೇಕು. 2016ರ ಅಕ್ಟೋಬರ್ 4ರ ‘ಫ್ಲ್ಯಾಶ್‌ಪಾಯಿಂಟ್’ ಕಂತಿನಲ್ಲಿ ಬ್ಯಾರಿ ಹೊಸ ಲೋಕದಲ್ಲಿದ್ದಾನೆ. ಅಮ್ಮ ಇದ್ದಾಳೆ, ಅಪ್ಪ ಇದ್ದಾನೆ. ಜೋ ಕುಡುಕನಾಗಿದ್ದಾನೆ. ಹಳೆಯ ಬದುಕಿನ ನೆನಪುಗಳು ಬ್ಯಾರಿಯ ತಲೆಯಿಂದ ಒಂದೊಂದಾಗಿ ಉದುರುತ್ತಿವೆ. ಕೊನೆಗೆ ತಾನೇ ಪಂಜರದಲ್ಲಿಟ್ಟ ಥಾನ್‌ನ ಮುಂದೆ ನಿಂತು, ಹಿಂದಕ್ಕೆ ಹೋಗಿ ನನ್ನ ಅಮ್ಮನನ್ನು ಕೊಲ್ಲು ಎಂದು ಬೇಡಬೇಕಾಗುತ್ತದೆ. ಭಯಂಕರವಾದ ಕಲ್ಪನೆ. ಆದರೆ ಇಷ್ಟೆಲ್ಲ ಒಂದೇ ಕಂತಿನಲ್ಲಿ ಮುಗಿಯುತ್ತದೆ. 2011ರಲ್ಲಿ ಜೆಫ್ ಜಾನ್ಸ್ ಬರೆದು ಆ್ಯಂಡಿ ಕ್ಯೂಬರ್ಟ್ ಚಿತ್ರಿಸಿದ ಮೂಲ ಕಾಮಿಕ್ಸ್ ಇದಕ್ಕೆ ಐದು ಸಂಚಿಕೆ ತೆಗೆದುಕೊಂಡಿತ್ತು. ಅವಸರವಾಯಿತು ಎಂದು ಎಲ್ಲರೂ ಗೊಣಗಿದರು, ಸರಿಯೇ. ಆ ಅವಸರದಲ್ಲಿ ಕಳೆದುಹೋದದ್ದು ನೋರಾ. ಬ್ಯಾರಿಗೆ ಅವಳು ಕೆಲವೇ ತಿಂಗಳ ಅಮ್ಮ. ಆ ಲೋಕಕ್ಕೆ ಅವಳು ಹದಿನಾರು ವರ್ಷ ಹೆಚ್ಚು ಬದುಕಿದ ಹೆಂಗಸು. ಆ ಹದಿನಾರು ವರ್ಷದಲ್ಲಿ ಅವಳು ಏನು ಮಾಡಿದಳು, ಯಾರನ್ನು ಕಂಡಳು, ಯಾವುದಕ್ಕೆ ನಕ್ಕಳು? ಒಂದನ್ನೂ ಕೇಳದೆ ಕಥೆ ಅವಳನ್ನು ಎರಡನೆಯ ಸಲ ಸಾಯಿಸುತ್ತದೆ. ಸಾಯುತ್ತಿದ್ದಾಗ ಸಿಕ್ಕ ಗೌರವ ಬದುಕಿದ್ದಾಗ ಅವಳಿಗೆ ಸಿಗಲಿಲ್ಲ.

ಬ್ಯಾರಿ ಮರಳಿದ ಲೋಕ ಮೊದಲಿನ ಹಾಗಿಲ್ಲ. ಗೆಳೆಯ ಸಿಸ್ಕೋನ ಅಣ್ಣ ಸತ್ತಿದ್ದಾನೆ. ಐರಿಸ್ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. ಸೋದರ ಧಾರಾವಾಹಿ ‘ಆರೋ’ದ ಡಿಗಲ್‌ಗೆ ಸಾರಾ ಎಂಬ ಪುಟ್ಟ ಮಗಳಿದ್ದಳು, ಈಗ ಆ ಜಾಗದಲ್ಲಿ ಜಾನ್ ಎಂಬ ಮಗನಿದ್ದಾನೆ. ಅಪ್ಪನಿಗೆ ಅದು ಗೊತ್ತಿಲ್ಲ. ಅಳಲು ಅವನಿಗೆ ಕಾರಣವೇ ಇಲ್ಲ, ಏಕೆಂದರೆ ಅವನ ನೆನಪಿನಲ್ಲಿ ಮಗಳಿಲ್ಲ. ನವೆಂಬರ್ ಕೊನೆಯಲ್ಲಿ ಶುರುವಾದ ‘ಇನ್‌ವೇಷನ್!’ ಜಂಟಿ ಕಂತುಗಳಲ್ಲಿ ಅವನಿಗೆ ವಿಷಯ ತಿಳಿಯುತ್ತದೆ. ಒಂದಿಷ್ಟು ಸಿಟ್ಟು, ಒಂದಿಷ್ಟು ಮಾತು. ಆಮೇಲೆ ಎಲ್ಲರೂ ಅನ್ಯಗ್ರಹದವರ ಮೇಲೆ ಯುದ್ಧಕ್ಕೆ ಹೊರಡುತ್ತಾರೆ.

‘ಆರೋ’ ನೋಡುವವರು ಇದರಿಂದ ಕೆರಳಿದರು. ತಾವು ವರ್ಷಗಟ್ಟಲೆ ನೋಡಿದ ಮಗುವನ್ನು ಇನ್ನೊಂದು ಧಾರಾವಾಹಿಯ ನಾಯಕ ಒಂದು ರಾತ್ರಿಯ ಓಟದಲ್ಲಿ ಒರೆಸಿಹಾಕಿದ ಎಂದು. ಬೇರೆಯವರು, ಅದಕ್ಕೇನು, ಮಗ ಇದ್ದಾನಲ್ಲ ಎಂದರು. ಹೆತ್ತವರ ಎದುರು ಯಾರೂ ಆಡದ ಮಾತು ಇದು. ಕೆರಳಿದವರು ಬರಹಗಾರರಿಗಿಂತ ಚೆನ್ನಾಗಿ ಈ ಕಥೆಯ ಒಳಗುಟ್ಟನ್ನು ಹಿಡಿದಿದ್ದರು ಎಂದು ನನ್ನ ಅಭಿಪ್ರಾಯ. ಬ್ಯಾರಿಯ ದುಃಖಕ್ಕೆ ಬೆಲೆ ತೆತ್ತವನು ಡಿಗಲ್. ತೆತ್ತದ್ದು ಕೂಡ ಅವನಿಗೆ ತಿಳಿಯದಂತಾಯಿತು. ಮೊದಲ ಸೀಸನ್ನಿನಲ್ಲಿ ಜೋನನ್ನು ಕೇಳಿದ್ದರು, ಹೆನ್ರಿಯನ್ನು ಕೇಳಿದ್ದರು. ಡಿಗಲ್‌ನನ್ನು ಕೇಳಿದವರಿಲ್ಲ.

ಇದನ್ನು ಕಥೆ ತಾನೇ ಕೇಳಿಕೊಂಡಿದ್ದರೆ ದೊಡ್ಡ ಕಥೆಯಾಗುತ್ತಿತ್ತು. ಬದಲಿಗೆ ‘ಪ್ಯಾರಡಾಕ್ಸ್’ ಎಂಬ ಮುಂದಿನ ಕಂತಿನಲ್ಲಿ ಹಿರಿಯ ಜೇ ಗ್ಯಾರಿಕ್, ಒಡೆದ ಕಾಫಿ ಕಪ್ಪನ್ನು ಅಂಟಿಸಿದರೂ ಬಿರುಕು ಉಳಿಯುತ್ತದೆ ಎಂದು ಬ್ಯಾರಿಗೆ ಬುದ್ಧಿ ಹೇಳುತ್ತಾನೆ. ಉಪಮೆ ಚೆನ್ನಾಗಿದೆ. ಕಪ್ಪು ಯಾರ ಮನೆಯದು ಎನ್ನುವುದನ್ನು ಮಾತ್ರ ಅವನು ಹೇಳುವುದಿಲ್ಲ. ಉಳಿದ ಸೀಸನ್ನೆಲ್ಲ ಬ್ಯಾರಿಯ ಪಶ್ಚಾತ್ತಾಪ, ಬ್ಯಾರಿಗೆ ಕ್ಷಮೆ, ಬ್ಯಾರಿಯ ಹೊಸ ಸಂಕಟ. ಹಾಗಾಗಿ ಸ್ವಾರ್ಥಿ ಎಂಬ ಬೈಗುಳ ಸಲ್ಲಬೇಕಾದದ್ದು ಬ್ಯಾರಿಗಲ್ಲ, ಅವನ ಕಣ್ಣೀರಿಗೆ ಇಷ್ಟು ಸಮಯ ಕೊಟ್ಟು ಡಿಗಲ್‌ನ ಕಣ್ಣೀರಿಗೆ ಕೊಡದ ಬರವಣಿಗೆಗೆ. ಮಗಳ ತೀರ್ಪಿನಲ್ಲಿ ಅರ್ಧ ಸರಿ ಎಂದದ್ದು ಇದಕ್ಕೇ.

2020ರ ಜನವರಿಯಲ್ಲಿ ‘ಆರೋ’ ಮುಗಿಯುವ ಹೊತ್ತಿಗೆ ಲೋಕವೆಲ್ಲ ಹೊಸದಾಗಿ ಹುಟ್ಟಿ, ಸಾರಾ ಡಿಗಲ್‌ನ ಮನೆಗೆ ವಾಪಸು ಬಂದಳು. ತಮ್ಮನೂ ಉಳಿದುಕೊಂಡ. ಆ ಮಗುವಿಗಾಗಿ ಮೂರು ವರ್ಷ ತಕರಾರು ತೆಗೆದ ನೋಡುಗರಿಗೆ ನಾನು ಕೃತಜ್ಞ. ಆ ಮನೆಯಲ್ಲಿ ಒಂದು ಹೆಸರು ಕಡಿಮೆಯಿದೆ ಎಂದು ಅಷ್ಟು ದಿನ ನೆನಪಿಟ್ಟುಕೊಂಡವರು ಅವರೇ.