ಕಲ್ಲು, ಸ್ಟೂಲು ಮತ್ತು ಹತ್ತು ಪದದ ತಂತಿ

ಅಲ್ಬೇರ್ ಕಮೂನ 'ಪ್ಲೇಗ್' ಕಾದಂಬರಿಯ ನನ್ನ ಹಳೆಯ ಪ್ರತಿಯಲ್ಲಿ, ಒಂದು ಪುಟದ ಅಂಚಿಗೆ ಪೆನ್ಸಿಲಿನಲ್ಲಿ 'ಎಷ್ಟು ನಿಜ!' ಎಂದು ಬರೆದುಕೊಂಡಿದ್ದೇನೆ. ಎಂ.ಎ. ಓದುತ್ತಿದ್ದಾಗಿನ ಅಕ್ಷರ. ಆಗ ನನಗೆ ಪ್ಲೇಗೂ ಗೊತ್ತಿರಲಿಲ್ಲ, ಅಗಲಿಕೆಯೂ ಗೊತ್ತಿರಲಿಲ್ಲ. ವಾಕ್ಯ ಚೆನ್ನಾಗಿದ್ದರೆ ಅದು ನಿಜವೇ ಇರಬೇಕು ಎಂದುಕೊಳ್ಳುವ ವಯಸ್ಸು. ಈಚೆಗೆ ಪುಸ್ತಕವನ್ನು ಮತ್ತೆ ತೆಗೆದಾಗ ಆ ಎರಡು ಪದಗಳನ್ನು ಅಳಿಸಬೇಕೆನ್ನಿಸಿತು. ರಬ್ಬರನ್ನೂ ಹುಡುಕಿದೆ. ಆಮೇಲೆ ಬೇಡವೆನ್ನಿಸಿತು.

ಆ ಪುಟದಲ್ಲಿ ಇರುವುದಿಷ್ಟು. ಊರಿನ ಬಾಗಿಲುಗಳು ಮುಚ್ಚಿದ ಮೇಲೆ ಒರಾನ್ ನಗರದ ಜನಕ್ಕೆ ಹೊರಗಿರುವ ತಮ್ಮವರೊಡನೆ ಮಾತಾಡುವ ದಾರಿಗಳು ಒಂದೊಂದಾಗಿ ಇಲ್ಲವಾಗುತ್ತವೆ. ಕಾಗದ ಸೋಂಕನ್ನು ಒಯ್ಯುತ್ತದೆಂದು ಅಂಚೆ ನಿಲ್ಲುತ್ತದೆ. ಟೆಲಿಫೋನಿಗೆ ಜನ ಮುಗಿಬೀಳುತ್ತಾರೆ. ಕೊನೆಗೆ ಸಾವು, ಮದುವೆ, ಹೆರಿಗೆಯಂಥ ತುರ್ತಿಗೆ ಮಾತ್ರ ಎಂದಾಗುತ್ತದೆ. ಉಳಿಯುವುದು ತಂತಿ ಒಂದೇ. ವರ್ಷಗಟ್ಟಲೆ ಒಟ್ಟಿಗೆ ಬಾಳಿದವರು ಹತ್ತು ಪದಗಳಲ್ಲಿ ಒಬ್ಬರಿಗೊಬ್ಬರು ಸಿಗಬೇಕು. ಹತ್ತು ಪದಕ್ಕೆ ಹಿಡಿಸುವುದು ಸವಕಲು ಮಾತು ಮಾತ್ರ: ನಾನು ಚೆನ್ನಾಗಿದ್ದೇನೆ, ನಿನ್ನ ನೆನಪಾಗುತ್ತಿದೆ, ಅಷ್ಟೆ. ಕೆಲವರು ಹಟ ಹಿಡಿದು ಕಾಗದ ಬರೆಯುತ್ತಲೇ ಇರುತ್ತಾರೆ. ಉತ್ತರ ಬರುವುದಿಲ್ಲ. ಅದೇ ಕಾಗದವನ್ನು ಮತ್ತೆ ಮತ್ತೆ ನಕಲು ಮಾಡುತ್ತಾ, ಎದೆಯಿಂದ ಬಂದ ಮಾತೇ ಅರ್ಥ ಕಳೆದುಕೊಂಡು, ಕೊನೆಗೆ ಇದಕ್ಕಿಂತ ತಂತಿಯೇ ವಾಸಿ ಎನ್ನುವಲ್ಲಿಗೆ ಬಂದು ನಿಲ್ಲುತ್ತಾರೆ.

ಕಮೂ ಇದನ್ನು ಊಹಿಸಿ ಬರೆದದ್ದಲ್ಲ. 1942ರಲ್ಲಿ ಕ್ಷಯದ ಚಿಕಿತ್ಸೆಗೆಂದು ಫ್ರಾನ್ಸಿನ ಬೆಟ್ಟದ ಊರೊಂದರಲ್ಲಿದ್ದ. ಹೆಂಡತಿ ಮೊದಲು ಒರಾನಿಗೆ ಹಿಂದಿರುಗಿದಳು. ನವೆಂಬರಿನಲ್ಲಿ ಮಿತ್ರರಾಷ್ಟ್ರಗಳ ಸೈನ್ಯ ಉತ್ತರ ಆಫ್ರಿಕಕ್ಕೆ ಇಳಿಯಿತು, ಜರ್ಮನರು ದಕ್ಷಿಣ ಫ್ರಾನ್ಸನ್ನೂ ಹಿಡಿದರು, ನಡುವೆ ಸಮುದ್ರ ಮುಚ್ಚಿತು. ಕಾದಂಬರಿ 1947ರಲ್ಲಿ ಬಂತು. ಅದನ್ನು ನಾಝಿ ಆಕ್ರಮಣದ ರೂಪಕವೆಂದು ನಮಗೆ ಪಾಠ ಮಾಡಿದ್ದರು, ಅದು ಸರಿಯೇ. ಆದರೆ ರೂಪಕದ ಗಡಿಬಿಡಿಯಲ್ಲಿ ನಾವು ಮರೆತದ್ದು, ಇದು ಹೆಂಡತಿಯಿಂದ ದೂರ ಸಿಕ್ಕಿಬಿದ್ದ ಗಂಡಸೊಬ್ಬ ಬರೆದ ಪುಸ್ತಕ ಎನ್ನುವುದನ್ನು.

2020ರ ಮಾರ್ಚ್ 25ರಿಂದ ಲಾಕ್‌ಡೌನ್. ನಾನು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಸಾಗರದಲ್ಲಿ. ಮೊದಲ ವಾರ ವಿಡಿಯೊ ಕಾಲ್‌ನಲ್ಲಿ ನಮ್ಮ ಮನೆಯವರು ಮಾತಾಡಿದಷ್ಟು ಅದಕ್ಕೆ ಮುಂಚಿನ ಹತ್ತು ವರ್ಷದಲ್ಲಿ ಮಾತಾಡಿರಲಿಲ್ಲ. ಚಿಕ್ಕಮ್ಮ ಮೈಸೂರಿನಿಂದ, ಅಣ್ಣ ಪುಣೆಯಿಂದ, ಎಲ್ಲರ ಮುಖವೂ ಒಂದೇ ಪರದೆಯಲ್ಲಿ. ಅಪ್ಪನದು ಮಾತ್ರ ಹಣೆ. ಮೂರನೇ ವಾರಕ್ಕೆ ಮಾತು ತೀರಿತು. 'ಊಟ ಆಯ್ತಾ?' 'ಆಯ್ತು. ನಿಂದು?' 'ಆಯ್ತು.' ಅಮ್ಮ ಒಂದು ಗಳಿಗೆ ಸುಮ್ಮನಿದ್ದು 'ಮತ್ತೆ?' ಎನ್ನುವಳು. ಆ 'ಮತ್ತೆ'ಗೆ ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಫೋನಿಟ್ಟ ಮೇಲೆ, ಕಮೂ ಹೇಳಿದ ತಂತಿ ಇದೇ ಎಂದುಕೊಳ್ಳುತ್ತಿದ್ದೆ, ಸ್ವಲ್ಪ ಹೆಮ್ಮೆಯಿಂದಲೇ. ಸಾಹಿತ್ಯ ಓದಿದವರಿಗೆ ಇದೊಂದು ರೋಗ: ಮನೆಯವರ ಜೊತೆ ಬೇಜಾರಾದರೂ ಅದಕ್ಕೊಂದು ಉಲ್ಲೇಖ ಸಿಕ್ಕಿಬಿಟ್ಟರೆ ಸಮಾಧಾನ.

ಆ ದಿನಗಳಲ್ಲಿ ನಮ್ಮಲ್ಲಿ ಬಂದ ಲಾಕ್‌ಡೌನ್ ಕವಿತೆಗಳ ಬಗ್ಗೆಯೂ ಒಂದು ಮಾತು. ನಾನು ಓದಿದವುಗಳಲ್ಲಿ ಗುಬ್ಬಿಗಳಿದ್ದವು, ತಿಳಿಯಾದ ಆಕಾಶವಿತ್ತು, ಪ್ರಕೃತಿ ಮನುಷ್ಯನಿಗೆ ಕಲಿಸಿದ ಪಾಠವಿತ್ತು. ಈ 'ಮತ್ತೆ?' ಇರಲಿಲ್ಲ. ಎಲ್ಲರ ಮನೆಯಲ್ಲೂ ದಿನಕ್ಕೆರಡು ಬಾರಿ ಕೇಳಿಬರುತ್ತಿದ್ದ ಪದ ಬರಹಕ್ಕೆ ಬೇಡವಾಗಿತ್ತು.

2021ರ ಮೇ ತಿಂಗಳಲ್ಲಿ ಅಮ್ಮನಿಗೆ ಕೋವಿಡ್ ಬಂತು. ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ, ಮನೆಯಲ್ಲೇ ಬೇರೆ ಇರಿ ಎಂದರು. ಅಮ್ಮ ಹಿಂದಿನ ಕೋಣೆಗೆ ಹೋದಳು. ಎಪ್ಪತ್ತೊಂದರ ಅಪ್ಪ ಮೊದಲ ಸಲ ಒಲೆ ಮುಂದೆ ನಿಂತರು. ಕೋಣೆಯ ಬಾಗಿಲ ಹೊರಗೆ ಒಂದು ಮರದ ಸ್ಟೂಲು ಇಟ್ಟು, ಅದರ ಮೇಲೆ ತಟ್ಟೆ ಇಟ್ಟು, ಅಡುಗೆಮನೆಗೆ ಹಿಂದಿರುಗಿ ಅಮ್ಮನಿಗೆ ಫೋನು ಮಾಡುತ್ತಿದ್ದರು. ಕೂಗಿದರೆ ಕೇಳುವಷ್ಟೇ ದೂರ. ಆದರೆ ಅಮ್ಮನಿಗೆ ತಿರುಗಿ ಕೂಗುವಷ್ಟು ಉಸಿರಿರಲಿಲ್ಲ. ಆ ಕಾಲ್‌ಗೆ ನನ್ನನ್ನೂ ಸೇರಿಸಿಕೊಳ್ಳಲು ಕಲಿತಿದ್ದರು. 'ಇವಳೇ, ಗಂಜಿ ಇಟ್ಟಿದೀನಿ. ಉಪ್ಪು ಹಾಕಿಲ್ಲ, ಪಕ್ಕದಲ್ಲಿದೆ. ಅಪ್ಪೆಮಿಡಿ ಒಂದೇ ಇಟ್ಟಿದೀನಿ, ಕೆಮ್ಮು ಬರುತ್ತೆ. ಮಾತ್ರೆ ಎರಡು, ಬಿಳೀದು ಊಟ ಆದ್ಮೇಲೆ.' ಆಮೇಲೆ 'ಎಷ್ಟು?' ಎಂದು ಕೇಳುವರು. ಅಮ್ಮ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ನೋಡಿ 'ತೊಂಬತ್ನಾಲ್ಕು' ಎನ್ನುವಳು. ಕಾಲ್ ಮುಗಿಯುತ್ತಿತ್ತು. ಸಂಜೆ ಅಪ್ಪನಿಗೆ ಬೇರೆಯಾಗಿ ಫೋನು ಮಾಡಿದರೆ ನಾನೂ ಕೇಳುತ್ತಿದ್ದುದು ಅದೊಂದೇ ಪದ. 'ಎಷ್ಟು?'

ನಮ್ಮ ಅಂಚೆ-ತಂತಿ ಇಲಾಖೆಯವರು ಶುಭಾಶಯದ ಸವಕಲು ವಾಕ್ಯಗಳಿಗೆ ನಂಬರನ್ನೇ ಕೊಟ್ಟಿದ್ದರು, ಹಬ್ಬಕ್ಕೊಂದು, ಮದುವೆಗೊಂದು. ಫಾರಮ್ಮಿನಲ್ಲಿ ನಂಬರು ಬರೆದರೆ ಆ ಕಡೆ ಪೂರ್ತಿ ವಾಕ್ಯವಾಗಿ ತಲುಪುತ್ತಿತ್ತು. 2013ರ ಜುಲೈಯಲ್ಲಿ ತಂತಿ ನಿಂತಿತು. ಎಂಟು ವರ್ಷದ ಮೇಲೆ ಇಡೀ ದೇಶ ಮತ್ತೆ ನಂಬರುಗಳಲ್ಲಿ ಮಾತಾಡಿಕೊಳ್ಳುತ್ತಿತ್ತು. ಅದು ಬಡವಾದ ಭಾಷೆ ಎಂದು ಮಾತ್ರ ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಹತ್ತು ಪದವಲ್ಲ, ಒಂದೇ ಪದ. ಆ ಒಂದು ಪದಕ್ಕಾಗಿ ದಿನವಿಡೀ ಕಾಯುತ್ತಿದ್ದೆ. ಕಮೂನ ಪುಟದ ಮೇಲೆ ನನಗೆ ಅನುಮಾನ ಹುಟ್ಟಿದ್ದು ಆಗ.

ಅದೇ ತಿಂಗಳು, ನಿದ್ದೆ ಬಾರದ ರಾತ್ರಿಗಳಲ್ಲಿ ಡೇನಿಯಲ್ ಡಿಫೋನ 'ಎ ಜರ್ನಲ್ ಆಫ್ ದ ಪ್ಲೇಗ್ ಇಯರ್' ಓದಿದೆ. 1665ರ ಲಂಡನ್ ಪ್ಲೇಗಿನ ಕಥೆ, ಪ್ರಕಟವಾದದ್ದು 1722ರಲ್ಲಿ. ಕಣ್ಣಾರೆ ಕಂಡವನ ವರದಿಯ ಹಾಗಿದೆ. ಆದರೆ ಪ್ಲೇಗಿನ ವರ್ಷ ಡಿಫೋ ಸುಮಾರು ಐದು ವರ್ಷದ ಹುಡುಗ. ಹೇಳಿದ್ದನ್ನೇ ಹೇಳುವ, ಸತ್ತವರ ಪಟ್ಟಿಗಳನ್ನು ತುರುಕುವ, ಅಂಕೆಯಿಲ್ಲದ ಪುಸ್ತಕ. ಕಮೂನ ಕಸುಬು ಇದರಲ್ಲಿಲ್ಲ. ನಡುವೆ ಒಂದು ಪ್ರಸಂಗ ಬರುತ್ತದೆ, ಅದಕ್ಕಾಗಿ ಉಳಿದ ಪುಟಗಳನ್ನೆಲ್ಲ ಸಹಿಸಬಹುದು.

ಥೇಮ್ಸ್ ನದಿಯ ದಡದಲ್ಲಿ ನಿರೂಪಕನಿಗೆ ರಾಬರ್ಟ್ ಎಂಬ ಬಡ ಅಂಬಿಗ ಸಿಗುತ್ತಾನೆ. ಅಗೋ ಅದು ನನ್ನ ಮನೆ, ಹೆಂಡತಿಗೂ ಒಂದು ಮಗುವಿಗೂ ರೋಗ ತಗುಲಿದೆ, ನಾನು ಹತ್ತಿರ ಹೋಗುವುದಿಲ್ಲ ಎನ್ನುತ್ತಾನೆ. ನಿರೂಪಕ ಬಯ್ಯುತ್ತಾನೆ: ನಿನ್ನದೇ ರಕ್ತಮಾಂಸವನ್ನು ಹೇಗಯ್ಯಾ ಬಿಟ್ಟುಬಿಟ್ಟೆ? ಬಿಟ್ಟಿಲ್ಲ ಎನ್ನುತ್ತಾನೆ ಅಂಬಿಗ. ರಾತ್ರಿ ಮಲಗುವುದು ದೋಣಿಯಲ್ಲೇ. ನದಿಯಲ್ಲಿ ಹಡಗು ನಿಲ್ಲಿಸಿಕೊಂಡು ಅದರೊಳಗೇ ಬೇರೆಯಾಗಿ ಬದುಕುತ್ತಿರುವ ಕುಟುಂಬಗಳಿಗೆ ಸಾಮಾನು ಒಯ್ದುಕೊಡುವುದು ಅವನ ಕೆಲಸ. ಸಿಕ್ಕಿದ್ದನ್ನು ತಂದು ಮನೆಯಿಂದ ದೂರದ ಒಂದು ಅಗಲ ಕಲ್ಲಿನ ಮೇಲಿಟ್ಟು ಕೂಗುತ್ತಾನೆ. ನಿರೂಪಕ ನೋಡುತ್ತಿರುವಾಗಲೇ ಹೆಂಡತಿ ಬಾಗಿಲು ತೆಗೆದು ರಾಬರ್ಟ್, ರಾಬರ್ಟ್ ಎಂದು ಕರೆಯುತ್ತಾಳೆ. ಅವನು ದೋಣಿಗೆ ಓಡಿಹೋಗಿ ಚೀಲ ತಂದು, ಒಂದೊಂದನ್ನೂ ಬೇರೆ ಬೇರೆ ಹರವಿ ಹಿಂದೆ ಸರಿಯುತ್ತಾನೆ. ಅವಳು ಚಿಕ್ಕ ಹುಡುಗನೊಬ್ಬನ ಜೊತೆ ಬರುತ್ತಾಳೆ. ಆಗ ಈ ಕಡೆಯಿಂದ ಕೂಗಿ ಹೇಳುವುದು ನಡೆಯುತ್ತದೆ: ಇದನ್ನು ಇಂಥ ಕಪ್ತಾನ ಕೊಟ್ಟದ್ದು, ಇದನ್ನು ಇಂಥವನು ಕೊಟ್ಟದ್ದು. ಎಲ್ಲವನ್ನೂ ಒಮ್ಮೆಗೇ ಹೊರಲು ಅವಳಿಗೆ ಶಕ್ತಿಯಿಲ್ಲ. ಬಿಸ್ಕತ್ತಿನ ಸಣ್ಣ ಚೀಲವನ್ನು ಅಲ್ಲೇ ಬಿಟ್ಟು, ತಾನು ಮತ್ತೆ ಬರುವವರೆಗೆ ಕಾಯಲು ಹುಡುಗನನ್ನು ನಿಲ್ಲಿಸಿ ಹೋಗುತ್ತಾಳೆ.

ಇಲ್ಲಿ ಯಾರೂ ಯಾರಿಗೂ ನೆನಪಾಗುತ್ತಿದೆ ಎನ್ನುವುದಿಲ್ಲ. ಸಾಮಾನಿನ ಪಟ್ಟಿ ಹೇಳುತ್ತಾರೆ. ಅಪ್ಪ ಹೇಳುತ್ತಿದ್ದುದೂ ಪಟ್ಟಿಯನ್ನೇ. ಕಮೂನ ಜನಕ್ಕೆ ಮಾತು ಸವೆದದ್ದು ಪದಗಳು ಕಡಿಮೆಯಾದುದರಿಂದಲ್ಲ, ಮಾತಿನ ಜೊತೆ ಮಾಡಲು ಏನೂ ಉಳಿಯದೆ ಹೋದದ್ದರಿಂದ ಎಂದು ನನಗೆ ಹೊಳೆದದ್ದು ಈ ಕಲ್ಲಿನ ಮುಂದೆ. ಕಮೂ ಮಾತನ್ನು ಅಷ್ಟಾಗಿ ನಂಬಿದವನೂ ಅಲ್ಲ. ಅವನ ತಾಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಓದು ಬರುತ್ತಿರಲಿಲ್ಲ. ಕಾದಂಬರಿಯಲ್ಲಿ ಡಾಕ್ಟರ್ ರಿಯೂನ ತಾಯಿ ಮಗನ ಮನೆಯಲ್ಲಿ ಸುಮ್ಮನೆ ಕೂತಿರುತ್ತಾಳೆ. ಪುಸ್ತಕದ ಅತ್ಯಂತ ಬೆಚ್ಚನೆಯ ಭಾಗ ಅದು. ಹತ್ತಿರ ಇದ್ದರೆ ಮಾತು ಬೇಕಿಲ್ಲ, ದೂರ ಇದ್ದರೆ ಮಾತು ಸಾಲದು: ಇದು ಕಮೂನ ಲೆಕ್ಕ. ಹತ್ತಿರವೂ ಅಲ್ಲದ ದೂರವೂ ಅಲ್ಲದ, ಕೂಗಳತೆಯ ಜಾಗ ಅವನ ಲೆಕ್ಕದಲ್ಲಿಲ್ಲ.

ನಮ್ಮ ಕಾದಂಬರಿಗಳಲ್ಲಿ ಈ ಜಾಗವನ್ನು ಹುಡುಕಿದೆ. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ ಬ್ರಾಹ್ಮಣರು ಹೆಂಡತಿ ಮಕ್ಕಳನ್ನು ತವರಿಗೆ ಸಾಗಿಸುತ್ತಾರೆ. ಭೈರಪ್ಪನವರ 'ಗೃಹಭಂಗ'ದಲ್ಲಿ ಇಲಿ ಬಿದ್ದರೆ ಊರಿಗೆ ಊರೇ ಹೊರಗೆ ಷೆಡ್ಡು ಹಾಕಿಕೊಳ್ಳುತ್ತದೆ. ಪ್ಲೇಗೆಂದರೆ ನಮ್ಮಲ್ಲಿ ಊರು ಬಿಡುವುದು, ಮನೆಯೊಳಗೇ ಒಬ್ಬರನ್ನು ಬೇರೆ ಇಡುವುದಲ್ಲ. ಬೇರೆ ಇಡುವುದು ನಮಗೆ ಗೊತ್ತಿಲ್ಲದ್ದೇನಲ್ಲ, ಅದಕ್ಕೆ ರೋಗ ಬೇಕಿರಲಿಲ್ಲ ಅಷ್ಟೆ. ಚೇತರಿಸಿಕೊಂಡ ಮೇಲೆ ಅಮ್ಮ ಹೇಳಿದಳು: 'ನಂಗೇನು ಹೊಸದಾ ಇದು? ತಿಂಗಳಿಗೆ ಮೂರು ದಿನ ಹೊರಗೆ ಕೂತವಳು ನಾನು. ತಟ್ಟೆ ಹೀಗೇ ದೂರದಲ್ಲಿಟ್ಟು ಹೋಗೋರು.' ತೋಟದ ಕೆಲಸಕ್ಕೆ ಬರುತ್ತಿದ್ದವರಿಗೆ ಅಂಗಳದ ಕಟ್ಟೆಯ ಮೇಲೆ ಕಾಫಿ ಲೋಟ ಇಟ್ಟು ಒಳಗೆ ಬರುತ್ತಿದ್ದವಳು ಇದೇ ಅಮ್ಮ; ಅದನ್ನವಳು ಹೇಳಲಿಲ್ಲ, ನನಗೆ ನೆನಪಾಯಿತು. ಡಿಫೋನ ಕಲ್ಲನ್ನು ಲಂಡನ್ನಿನ ಓದುಗ ಬರಿಯ ಕರುಣೆಯಿಂದ ಓದಬಲ್ಲ. ನಮ್ಮ ಊರಿನ ಕಟ್ಟೆಯನ್ನು ಕಂಡವರಿಗೆ ಅದು ಅಷ್ಟು ಸಲೀಸಲ್ಲ. ಇಟ್ಟು ಹಿಂದೆ ಸರಿಯುವ ಕೈ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಫರಕು ಇರುವುದು ಆಮೇಲೆ. ಅಂಬಿಗ ಮನೆ ಬಿಟ್ಟು ದೋಣಿಯಲ್ಲಿ ಮಲಗುತ್ತಾನೆ, ದೂರದ ಕಷ್ಟ ಅವನ ಪಾಲಿಗೂ ಇದೆ. ಇಟ್ಟ ಮೇಲೆ ನಿಂತು, ಕೂಗಿ, ಅವಳು ಎತ್ತಿಕೊಳ್ಳುವುದನ್ನು ನೋಡುತ್ತಾನೆ. ಕಟ್ಟೆಯ ಮೇಲೆ ಲೋಟ ಇಟ್ಟವರು ನಿಲ್ಲುತ್ತಿರಲಿಲ್ಲ.

ಅಪ್ಪ ಎಂದಾದರೂ ನಿನ್ನ ತಟ್ಟೆಗೆ ಬಡಿಸಿದ್ದುಂಟಾ ಎಂದು ಅಮ್ಮನನ್ನು ಕೇಳಿದೆ. 'ಅದೇ ಮೊದ್ಲು. ಗಂಜಿ ಸೀದಿತ್ತು' ಎಂದಳು.

ಇಷ್ಟಾದ ಮೇಲೆ ಕಮೂನ ಪುಟದ ಅಂಚನ್ನು ಅಳಿಸಲು ಅಡ್ಡಿಯೇನಿತ್ತು? ರಿಯೂನ ಹೆಂಡತಿ ದೂರದ ಆರೋಗ್ಯಧಾಮದಲ್ಲಿದ್ದಾಳೆ. ಅವಳ ತಂತಿಗಳು ಚಿಂತೆ ಬೇಡ ಎನ್ನುತ್ತವೆ. ಕೊನೆಯ ತಂತಿ ಬರುವಾಗ ಅವಳು ಸತ್ತು ವಾರವಾಗಿರುತ್ತದೆ. ಆ ದೀಪಾವಳಿಗೆ ಸಾಗರಕ್ಕೆ ಹೋದಾಗ ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನು ತಿರುವಿದೆ. ಮೇ ತಿಂಗಳ ಹಾಳೆಯಲ್ಲಿ, ಹಾಲಿನ ಲೆಕ್ಕದ ಪಕ್ಕ, ಬೆಳಿಗ್ಗೆ ಸಂಜೆಯ ಅಂಕಿಗಳನ್ನು ಅಪ್ಪ ಬರೆದಿಟ್ಟಿದ್ದರು. ಹತ್ತೊಂಬತ್ತನೇ ತಾರೀಕು ಸಂಜೆ 89. ಆ ಸಂಜೆ ನನಗೆ ಹೇಳಿದ್ದು ತೊಂಬತ್ನಾಲ್ಕು. ಎರಡು ದಿನದಿಂದ ಒಂದೇ ಇದೆಯಲ್ಲ, ಒಳ್ಳೆಯದಾಯ್ತು ಎಂದು ನಾನು ನಿರಾಳವಾಗಿ ಮಲಗಿದ್ದೆ. ಅಪ್ಪನನ್ನು ಕೇಳಿದೆ. 'ನೀನು ಅಲ್ಲಿಂದ ಏನು ಮಾಡ್ತಿದ್ದೆ?' ಎಂದರು. ಆ ರಾತ್ರಿಯೆಲ್ಲ ಅವರು ಸ್ಟೂಲಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ, ಅರ್ಧ ಗಂಟೆಗೊಮ್ಮೆ ಫೋನು ಮಾಡುತ್ತಾ, ಕವುಚಿ ಮಲಕ್ಕೋ ಎನ್ನುತ್ತಾ.

ಪುಸ್ತಕವನ್ನು ಕಪಾಟಿಗೆ ಸೇರಿಸುವ ಮುಂಚೆ 'ಎಷ್ಟು ನಿಜ!' ಎನ್ನುವುದರ ಕೆಳಗೆ, ಪೆನ್ಸಿಲಿನಲ್ಲೇ, 89 ಎಂದು ಬರೆದೆ.